ಎರಡು ಕೋಡಿಗೆ ಒಂದು ಕೊಕ್ಕೆ

1994ನೆಯ ಇಸವಿ, ಆಗಸ್ಟ್ 17, ಬುಧವಾರ. ನನ್ನ ದಿನಚರಿಯ ಆ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: "ಸರ್, ಅಂಕಿಯನ್ನು ವೋಲಟೈಲ್ ಮಾಡಿದ ಮೇಲೂ ಲಾಕ್ ಏಕೆ ಬೇಕು?"

ಕೇಳಿದವಳು ನಾನು. ಕೇಳಿಸಿಕೊಂಡವರು ಚನ್ನವೀರಯ್ಯ ಮೇಷ್ಟ್ರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಪ್ರತಿ ಬುಧವಾರ ನಮ್ಮ ಕಾರ್ಖಾನೆಗೆ ಬಂದು ನಾವು ಬರೆದ ಪ್ರೋಗ್ರಾಮುಗಳನ್ನು ಓದುತ್ತಿದ್ದರು. ಅವರ ಸಹಿ ಬೀಳದೆ ಯಾವ ಯಂತ್ರವೂ ಹೊರಗೆ ಹೋಗುತ್ತಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರವಾಗಿ ಅವರು ಅಂದು ಒಂದು ಕತೆ ಹೇಳಿದರು. ಅದನ್ನು ನಮ್ಮ ಮನೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಅಂದು ಸಂಜೆಯೇ ಬರೆದಿಟ್ಟುಕೊಂಡದ್ದರಿಂದ ಮೇಷ್ಟ್ರು ಹೇಳಿದ ಹಾಗೆಯೇ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ನನ್ನ ಪ್ರಶ್ನೆ ಏನೆಂದು ಹೇಳಬೇಕು. ನಾವು ಮಾಡುತ್ತಿದ್ದುದು ಆಸ್ಪತ್ರೆಯ ಪಂಪು. ನೋವಿನ ಔಷಧಿಯನ್ನು ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವುದು ಅದರ ಕೆಲಸ. ಒಳಗೆ ಎರಡು ಪ್ರೊಸೆಸರ್. ಒಂದು ಮೋಟಾರನ್ನು ನಡೆಸಿ ನಿಗದಿತ ಹೊತ್ತಿಗೆ ಹನಿ ಬಿಡುತ್ತದೆ. ಇನ್ನೊಂದು ಗುಂಡಿಯನ್ನು ಕಾಯುತ್ತದೆ. ನರ್ಸ್ ಒತ್ತಿದರೆ ಒಂದು ಹನಿ ಹೆಚ್ಚಿಗೆ ಬಿಡಿಸುತ್ತದೆ. ಈ ಗಂಟೆಯಲ್ಲಿ ಇನ್ನೆಷ್ಟು ಹನಿ ಬಿಡಬಹುದು ಎಂಬ ಅಂಕಿ ಇಬ್ಬರಿಗೂ ಸೇರಿದ ಮೆಮೊರಿಯಲ್ಲಿ ಇರುತ್ತದೆ. ಒಂದು ಹನಿ ಬಿಟ್ಟವರು ಆ ಅಂಕಿಯಿಂದ ಒಂದನ್ನು ಕಳೆಯಬೇಕು. ಸೊನ್ನೆಯಾದರೆ ಇಬ್ಬರೂ ನಿಲ್ಲಿಸಬೇಕು. ಆ ಔಷಧಿ ಮಿತಿ ಮೀರಿದರೆ ರೋಗಿಯ ಉಸಿರು ನಿಲ್ಲುತ್ತದೆ.

ಆ ಅಂಕಿಯನ್ನು ನಾನು ವೋಲಟೈಲ್ ಎಂದು ಬರೆದಿದ್ದೆ. ಹಾಗೆ ಬರೆದರೆ, ಅಂಕಿಯ ನಕಲನ್ನು ಹತ್ತಿರ ಇಟ್ಟುಕೊಂಡು ಅದನ್ನೇ ನಂಬಬೇಡ, ಬೇಕಾದಾಗಲೆಲ್ಲ ಮೂಲಕ್ಕೇ ಹೋಗಿ ನೋಡು ಎಂದು ಅಪ್ಪಣೆ ಕೊಟ್ಟ ಹಾಗೆ. ಲಾಕ್ ಎಂದರೆ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸುವುದು. ನನಗೆ ಮೋಟಾರನ್ನು ನಿಲ್ಲಿಸಿ ಕಾಯಿಸುವುದು ಇಷ್ಟವಿರಲಿಲ್ಲ. ಸೋಮವಾರ ಪಂಪು ಆಸ್ಪತ್ರೆಗೆ ಹೋಗಬೇಕಿತ್ತು. ಮೇಷ್ಟ್ರ ಸಹಿಯೊಂದೇ ಬಾಕಿ.

ಅವರು ನನ್ನ ಹಾಳೆಗಳನ್ನು ಮಡಿಸಿ ಪಕ್ಕಕ್ಕಿಟ್ಟರು. "ಕೂತುಕೋ ಸರ್ವಮಂಗಳಾ," ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿಗೆ ಒಂದು ದೊಡ್ಡ ಕೆರೆ. ಕೆರೆಯ ಏರಿ ಉದ್ದ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸದು. ಎರಡು ತುದಿಗೂ ಒಂದೊಂದು ಕೋಡಿ. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗುವ ದಾರಿ ಅದು. ಕೋಡಿಗೆ ಅಡ್ಡವಾಗಿ ಮರದ ಹಲಗೆಗಳನ್ನು ಇಳಿಬಿಟ್ಟಿದ್ದರು. ನೀರು ಏರಿದರೆ ಹಲಗೆ ಎತ್ತಬೇಕು, ತಗ್ಗಿದರೆ ಮತ್ತೆ ಇಳಿಸಬೇಕು. ಎತ್ತಲು ಕಬ್ಬಿಣದ ಕೊಕ್ಕೆ ಬೇಕು. ಬರಿಗೈಗೆ ಹಲಗೆ ಅಲುಗದು.

ಈ ಕೆಲಸ ಮಾಡುವವನಿಗೆ ನೀರುಗಂಟಿ ಎನ್ನುತ್ತಾರೆ. ಆ ಊರಿನ ನೀರುಗಂಟಿಗೆ ಇಬ್ಬರು ಗಂಡುಮಕ್ಕಳು. ಅವನು ತೀರಿಕೊಂಡ ಮೇಲೆ ಮಕ್ಕಳು ಮನೆ ಹಂಚಿಕೊಂಡರು, ಹೊಲ ಹಂಚಿಕೊಂಡರು, ದನ ಹಂಚಿಕೊಂಡರು. ಕೊನೆಗೆ ನೀರುಗಂಟಿಕೆಯನ್ನೂ ಹಂಚಿಕೊಂಡರು. ಮೂಡಣ ಕೋಡಿ ಅಣ್ಣನಿಗೆ, ಪಡುವಣ ಕೋಡಿ ತಮ್ಮನಿಗೆ. ಅಪ್ಪನ ಕೊಕ್ಕೆ ಒಂದೇ ಇತ್ತು. ಅದನ್ನು ಅಣ್ಣ ಇಟ್ಟುಕೊಂಡ. ಕಮ್ಮಾರ ಅದೇ ತೂಕದ ಇನ್ನೊಂದು ಕೊಕ್ಕೆ ಮಾಡಿ ತಮ್ಮನಿಗೆ ಕೊಟ್ಟ. ಪಾಲು ಸಮವಾಯಿತೆಂದು ಊರು ಒಪ್ಪಿತು.

ಎರಡು ಕೋಡಿಯ ನೀರೂ ಕೆಳಗೆ ಒಂದೇ ಹಳ್ಳಕ್ಕೆ ಬೀಳುತ್ತಿತ್ತು. ಎರಡೂ ಕಡೆ ಸೇರಿ ಆರು ಹಲಗೆ ಎತ್ತಿದರೆ ಹಳ್ಳ ತಾಳುತ್ತಿತ್ತು. ಏಳನೆಯದನ್ನು ಎತ್ತಿದರೆ ದಡ ಮೀರುತ್ತಿತ್ತು. ದಡದ ಮೇಲೆ ಒಬ್ಬ ಕುಂಬಾರ ಹೆಂಗಸಿನ ಮನೆ. ಗಂಡ ಇರಲಿಲ್ಲ. ಅತ್ತೆ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಸೊಸೆ ಎತ್ತಿದರೆ ಏಳಬೇಕು, ಮಲಗಿಸಿದರೆ ಮಲಗಬೇಕು.

ಮೊದಮೊದಲು ಅಣ್ಣತಮ್ಮಂದಿರು ಎಷ್ಟು ಹಲಗೆ ಎತ್ತಿದೆ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಭೇಟಿಯಾದಾಗ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆ ಲೆಕ್ಕದ ಮೇಲೆ ಇಡೀ ದಿನ ಕಳೆಯುತ್ತಿದ್ದರು. ಒಂದು ದಿನ ಮಧ್ಯಾಹ್ನ ಅಣ್ಣ ಎರಡು ಹಲಗೆ ಎತ್ತಿದ್ದು ತಮ್ಮನಿಗೆ ತಿಳಿಯಲಿಲ್ಲ. ಅವನು ಬೆಳಗಿನ ಲೆಕ್ಕ ನಂಬಿ ತನ್ನ ಕಡೆ ಇನ್ನೊಂದು ಎತ್ತಿದ. ಹಳ್ಳದ ನೀರು ಕುಂಬಾರ ಹೆಂಗಸಿನ ಹೊಸ್ತಿಲಿಗೆ ಬಂತು.

ಊರಗೌಡ ಇಬ್ಬರನ್ನೂ ಕರೆಸಿದ. ಏರಿಯ ನಟ್ಟನಡುವೆ ಒಂದು ಮಂಟಪವಿತ್ತು. ಅದರೊಳಗೆ ಒಂದು ಕರಿಯ ಕಲ್ಲು ನಿಲ್ಲಿಸಿದ. "ಎತ್ತಿದ ಹಲಗೆ ಎಷ್ಟೆಂದು ಇದರ ಮೇಲೆ ಬಳಪದಲ್ಲಿ ಬರೆಯಬೇಕು. ಇನ್ನು ಮೇಲೆ ನೆನಪಿನ ಮೇಲೆ ಯಾರೂ ಹಲಗೆ ಮುಟ್ಟಬಾರದು. ಪ್ರತಿ ಸಲವೂ ಇಲ್ಲಿಗೆ ಬಂದು ನೋಡಿಯೇ ಎತ್ತಬೇಕು. ಎತ್ತಿದ ಮೇಲೆ ಬಂದು ಹಳೆಯ ಅಂಕಿ ಅಳಿಸಿ ಹೊಸದು ಬರೆಯಬೇಕು," ಎಂದ.

ಒಳ್ಳೆಯ ಕಟ್ಟಳೆ. ಅಣ್ಣತಮ್ಮಂದಿರು ಅದನ್ನು ಒಂದು ದಿನವೂ ಮೀರಲಿಲ್ಲ. ಒಂದು ಮಳೆಗಾಲ ಸುಖವಾಗಿ ಕಳೆಯಿತು.

ಎರಡನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೆರೆ ಬೇಗ ಬೇಗ ಏರಿತು. ಅಣ್ಣ ಮಂಟಪಕ್ಕೆ ಬಂದ. ಕಲ್ಲಿನ ಮೇಲೆ ಐದು ಎಂದಿತ್ತು. ಇನ್ನೊಂದು ಎತ್ತಬಹುದು ಎಂದುಕೊಂಡು ಮೂಡಣಕ್ಕೆ ನಡೆದ. ಅವನು ಅತ್ತ ಹೋದ ಮೇಲೆ ತಮ್ಮ ಬಂದ. ಕಲ್ಲಿನ ಮೇಲೆ ಐದೇ ಇತ್ತು. ಇನ್ನೊಂದು ಎತ್ತಬಹುದು ಎಂದುಕೊಂಡು ಪಡುವಣಕ್ಕೆ ನಡೆದ. ಅಣ್ಣ ಒಂದು ಹಲಗೆ ಎತ್ತಿ ಬಂದು ಐದನ್ನು ಅಳಿಸಿ ಆರು ಎಂದು ಬರೆದು ಹೋದ. ತಮ್ಮ ಒಂದು ಹಲಗೆ ಎತ್ತಿ ಬಂದ. ತಾನು ಐದು ನೋಡಿದ್ದ, ಒಂದು ಎತ್ತಿದ್ದ. ಅಲ್ಲಿದ್ದುದನ್ನು ಒರೆಸಿ ಆರು ಎಂದು ಬರೆದ. ಎತ್ತಿದ್ದ ಹಲಗೆ ಏಳು. ಕಲ್ಲಿನ ಮೇಲೆ ಆರು.

ಕುಂಬಾರ ಹೆಂಗಸಿನ ಮನೆಗೆ ಮೊಣಕಾಲುದ್ದ ನೀರು ನುಗ್ಗಿತು. ಅವಳು ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಬಿದ್ದಳು. ದಿಬ್ಬ ಹತ್ತುವಾಗ ಎರಡು ಸಲ ಬಿದ್ದಳು. ಎರಡನೆಯ ಸಲ ಅತ್ತೆಯ ಮುಖ ನೀರಿಗೆ ಮುಳುಗಿ ಎದ್ದಿತು.

ಮಾರನೆಯ ದಿನ ಪಂಚಾಯಿತಿ ಸೇರಿತು. ಯಾರೋ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದು ಊರಿನವರ ತೀರ್ಮಾನ.

"ನಾನು ನೋಡಿದಾಗ ಐದಿತ್ತು. ನನ್ನ ಮಕ್ಕಳ ಮೇಲಾಣೆ," ಎಂದ ಅಣ್ಣ.

"ನಾನು ನೋಡಿದಾಗಲೂ ಐದೇ ಇತ್ತು," ಎಂದ ತಮ್ಮ. "ನಿನ್ನ ಮಕ್ಕಳು ಚೆನ್ನಾಗಿರಲಿ ಅಂತ ನಾನು ಆಣೆ ಇಡಲಿಲ್ಲ, ಅಷ್ಟೆ."

ಗೌಡನಿಗೆ ತನ್ನ ಕಲ್ಲಿನ ಮೇಲೆ ನಂಬಿಕೆ. "ಕಲ್ಲು ಸಣ್ಣದಾಯಿತೇನೋ. ದೊಡ್ಡದು ನಿಲ್ಲಿಸೋಣ. ಒಂದು ಸಲದ ಬದಲು ಎರಡು ಸಲ ನೋಡಲಿ," ಎಂದ.

ಕುಂಬಾರ ಹೆಂಗಸು ಎದ್ದು ನಿಂತಳು. "ಗೌಡರೇ, ಹತ್ತು ಸಲ ನೋಡಿದ್ದರೂ ಅವರಿಗೆ ಐದೇ ಕಾಣುತ್ತಿತ್ತು. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ನಾನು ಕೇಳುವುದು ಬೇರೆ. ಕಲ್ಲು ನೋಡಿದ ಮೇಲೆ ಹೊಸ ಅಂಕಿ ಬರೆಯುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ?"

"ಹೋಗಿ ಬರುವ ಹೊತ್ತು. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು," ಎಂದ ಅಣ್ಣ.

"ಅಷ್ಟು ಹೊತ್ತು ಕಲ್ಲಿನ ಮೇಲಿರುವುದು ನಿಜವೋ, ಸುಳ್ಳೋ?"

"ಸುಳ್ಳು," ಎಂದ ಅಣ್ಣ.

"ಆ ಹೊತ್ತಿನಲ್ಲಿ ಇನ್ನೊಬ್ಬರು ಬಂದು ನೋಡಬಾರದು. ನೋಡಿದರೂ ಎತ್ತಬಾರದು. ಅದಕ್ಕೆ ಕಲ್ಲು ಸಾಲದು," ಎಂದಳು. "ಕೊಕ್ಕೆ ಒಂದೇ ಇರಬೇಕು. ಅದು ಮಂಟಪದಲ್ಲಿ ನೇತಾಡಬೇಕು. ಹಲಗೆ ಎತ್ತುವವನು ಮೊದಲು ಕೊಕ್ಕೆ ತೆಗೆದುಕೊಳ್ಳಬೇಕು, ಆಮೇಲೆ ಕಲ್ಲು ನೋಡಬೇಕು, ಹೋಗಿ ಎತ್ತಬೇಕು, ಬಂದು ಬರೆಯಬೇಕು, ಬರೆದಾದ ಮೇಲೆ ಕೊಕ್ಕೆಯನ್ನು ತಿರುಗಿ ನೇತುಹಾಕಬೇಕು. ಕೊಕ್ಕೆ ಅಲ್ಲಿಲ್ಲದಿದ್ದರೆ ಬಂದವನು ಕಾಯಬೇಕು."

ತಮ್ಮನಿಗೆ ಸಿಟ್ಟು ಬಂತು. "ಕೊಕ್ಕೆ ಕೊಟ್ಟರೆ ನನ್ನ ಪಾಲು ಕೊಟ್ಟ ಹಾಗೆ. ನಾಳೆ ಕೋಡಿಯೂ ನಿನ್ನದಲ್ಲ ಅಂತಾರೆ. ಅಲ್ಲದೆ ನನ್ನ ಕಡೆ ನೀರು ಉಕ್ಕುತ್ತಿರುವಾಗ ನಾನು ಖಾಲಿ ಕೈಯಲ್ಲಿ ಮಂಟಪದಲ್ಲಿ ನಿಂತು ಮಳೆ ನೋಡಬೇಕೇ?"

"ನೋಡಬೇಕು," ಎಂದಳು ಅವಳು. "ಪಾಲು ನಿಮ್ಮದೇ ಇರಲಿ. ಕೊಕ್ಕೆ ಕೆರೆಯದಾಗಲಿ."

ಪಂಚಾಯಿತಿ ಯೋಚನೆ ಮಾಡುತ್ತೇವೆ ಎಂದು ಹೇಳಿ ಎದ್ದಿತು. ದೊಡ್ಡ ಕಲ್ಲಿಗೆ ಹೇಳಿಕಳಿಸಿತು.

ಆ ಹೆಂಗಸು ಮನೆಗೆ ಹೋಗಿ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡಳು. ಏರಿ ಹತ್ತಿದಳು. ಮಂಟಪದಲ್ಲಿ ಕಲ್ಲಿನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿಸಿದಳು. ನೋಡಲು ಬಂದ ಗೌಡನಿಗೆ, "ಒಂದೇ ಕೊಕ್ಕೆ ಆಗುವವರೆಗೆ ಇವರು ಇಲ್ಲೇ ಇರುತ್ತಾರೆ. ಕೆಳಗಿದ್ದರೆ ನಿಮಗೆ ಕಾಣಿಸುವುದಿಲ್ಲ," ಎಂದಳು. ತಾನು ಕೆಳಗೆ ಹೋಗಿ ಕೆಸರು ಬಳಿದು ಹಾಕಿದಳು, ಮಣ್ಣು ಕಲಸಿದಳು, ಹೊತ್ತುಹೊತ್ತಿಗೆ ಗಂಜಿ ತಂದು ಕುಡಿಸಿದಳು.

ಅಣ್ಣತಮ್ಮಂದಿರು ಕಲ್ಲು ನೋಡಲು ಬಂದಾಗಲೆಲ್ಲ ಮುದುಕಿಯನ್ನು ದಾಟಿಕೊಂಡೇ ಹೋಗಬೇಕಾಯಿತು.

"ಅಜ್ಜಿ, ಇಲ್ಲಿ ಚಳಿ. ಸೊಸೆಗೆ ಬುದ್ಧಿ ಹೇಳಬಾರದೇ?" ಎಂದ ತಮ್ಮ, ಎರಡನೆಯ ದಿನ.

"ಗಾಳಿ ಚೆನ್ನಾಗಿದೆ ಕಣೋ. ನನಗೇನೂ ಅವಸರವಿಲ್ಲ," ಎಂದಳು ಮುದುಕಿ. "ಅಲ್ಲಿ ಎಷ್ಟು ಅಂತ ಬರೆದಿದೆಯೋ ಓದು. ನನಗೆ ಅಕ್ಷರ ಬರುವುದಿಲ್ಲ."

"ನಾಲ್ಕು."

"ನಿಮ್ಮಣ್ಣ ಈಗ ತಾನೇ ಇದನ್ನು ನೋಡಿಕೊಂಡು ಅತ್ತ ಹೋದ. ಈಗಲೂ ನಾಲ್ಕೇನೋ?"

ತಮ್ಮ ಹಲಗೆ ಎತ್ತಲು ಹೋಗಲಿಲ್ಲ. ಅಣ್ಣ ತಿರುಗಿ ಬಂದು ಐದು ಎಂದು ಬರೆಯುವವರೆಗೂ ಅಲ್ಲೇ ಕುಳಿತಿದ್ದ. ಮೂರನೆಯ ದಿನವೂ ಹಾಗೇ ಆಯಿತು. ನಾಲ್ಕನೆಯ ದಿನ ತನ್ನ ಕೊಕ್ಕೆಯನ್ನು ಕಮ್ಮಾರನ ಒಲೆಗೆ ಹಾಕಿ ಬಂದ. ಅಣ್ಣನ ಕೊಕ್ಕೆ ಮಂಟಪದ ಗೂಟಕ್ಕೆ ಏರಿತು. ಸೊಸೆ ಅತ್ತೆಯನ್ನು ಮನೆಗೆ ಹೊತ್ತುಕೊಂಡು ಹೋದಳು.

ಇಲ್ಲಿಗೆ ಕತೆ ಮುಗಿಯಿತೆಂದು ನಾನು ತಿಳಿದೆ. ಮೇಷ್ಟ್ರು ಮುಂದುವರಿಸಿದರು.

ಕೊಕ್ಕೆ ಒಂದಾದ ಮೇಲೆ ತಮ್ಮ ಒಂದು ಜಾಣತನ ಮಾಡಿದ. ಕಾಯುವ ಹೊತ್ತು ವ್ಯರ್ಥವಾಗಬಾರದೆಂದು, ಕೊಕ್ಕೆ ಬರುವ ಮೊದಲೇ ಕಲ್ಲಿನ ಅಂಕಿ ನೋಡಿಟ್ಟುಕೊಂಡ. ಅಣ್ಣ ಬಂದು ಅಂಕಿ ಬದಲಿಸಿ ಕೊಕ್ಕೆಯನ್ನು ಗೂಟಕ್ಕೆ ಹಾಕಿದ ಕೂಡಲೆ ಇವನು ಅದನ್ನು ಕಸಿದುಕೊಂಡು ಓಡಲು ಹೊರಟ. ಮಣ್ಣಿಗೆಂದು ಏರಿಯ ಮೇಲೆ ಬಂದಿದ್ದ ಕುಂಬಾರ ಹೆಂಗಸು ಅಡ್ಡ ನಿಂತಳು. "ಎಷ್ಟಿದೆ?" ಎಂದಳು. "ಐದು," ಎಂದ. "ತಿರುಗಿ ನೋಡು," ಎಂದಳು. ಆರಿತ್ತು. "ಕೊಕ್ಕೆ ಕೈಗೆ ಬರುವ ಮೊದಲು ನೋಡಿದ್ದು ನೋಡಿದ ಲೆಕ್ಕಕ್ಕಿಲ್ಲ," ಎಂದಳು. ಅದೂ ಕಟ್ಟಳೆಯಾಯಿತು.

ಇನ್ನೊಂದು ದಿನ ಅಣ್ಣ ಒಂದು ಹಲಗೆ ಎತ್ತಿದ. ಹಸಿವಾಗಿತ್ತು. ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೇ ಮನೆಗೆ ಹೋಗಿ ಊಟಕ್ಕೆ ಕುಳಿತ. ಇತ್ತ ತಮ್ಮನ ಕಡೆ ಎತ್ತಲೇಬೇಕಾದ ನೀರು. ಗೂಟ ಖಾಲಿ. ಅವನು ಕಾದ. ಕೆರೆಯ ನೀರು ಹಿಂದಕ್ಕೆ ಒತ್ತಿ ಮೇಲಿನ ಮೂರು ಗದ್ದೆಯ ಪೈರು ಮುಳುಗಿತು. ತಮ್ಮ ಅಣ್ಣನ ಮನೆಯ ಬಾಗಿಲಿಗೆ ಹೋಗಿ, "ನಿನ್ನ ಹೆಂಡತಿ ಬಡಿಸಿದ ಮುದ್ದೆ ಎತ್ತಲು ಆ ಕೊಕ್ಕೆ ಬೇಕಾಗಿತ್ತೇನಣ್ಣ?" ಎಂದು ಕೇಳಿದ. ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂದಿನಿಂದ ಕೊಕ್ಕೆ ಹಿಡಿದವರು ಕೂರುವ ಹಾಗಿಲ್ಲ, ಮಾತಿಗೆ ನಿಲ್ಲುವ ಹಾಗಿಲ್ಲ, ಉಣ್ಣುವ ಹಾಗಿಲ್ಲ. ನೋಡು, ಎತ್ತು, ಬರೆ, ನೇತುಹಾಕು. ಅಷ್ಟೆ.

ಮೂರು ಗದ್ದೆಯವರು ಬಂದು ಗೌಡನಲ್ಲಿ ದೂರು ಹೇಳಿದರು. ಮೊದಲಿನ ಹಾಗೆ ಎರಡು ಕೊಕ್ಕೆ ಇದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಗೌಡ ಒಪ್ಪಿದ. "ನಿಜ. ಎರಡು ಕೊಕ್ಕೆ ಇದ್ದಾಗ ಕೆಲಸ ಬೇಗ ಆಗುತ್ತಿತ್ತು. ನಿಮ್ಮ ಪೈರು ಇನ್ನೊಂದು ವಾರದಲ್ಲಿ ಎದ್ದು ನಿಲ್ಲುತ್ತದೆ. ಆ ಮುದುಕಿ ತಾನಾಗಿ ಏಳಲಾರಳು," ಎಂದು ಹೇಳಿ ಕಳಿಸಿದ. ಕೊಕ್ಕೆ ಒಂದೇ ಉಳಿಯಿತು.

ಮೇಷ್ಟ್ರು ನಿಲ್ಲಿಸಿದರು. ನನಗೆ ಕತೆಯ ಒಂದೊಂದು ಹೆಜ್ಜೆಯೂ ತಿಳಿದಿತ್ತು. ಅಂಕಿ ಓದುವುದು, ಒಂದು ಕಳೆಯುವುದು, ತಿರುಗಿ ಬರೆಯುವುದು. ನನ್ನ ಪ್ರೊಸೆಸರ್‌ಗಳು ಮಾಡುತ್ತಿದ್ದುದೂ ಅದನ್ನೇ. ಎಂಟು ಎಂದು ಇಬ್ಬರೂ ಓದುತ್ತಾರೆ, ಇಬ್ಬರೂ ಒಂದೊಂದು ಹನಿ ಬಿಡುತ್ತಾರೆ, ಇಬ್ಬರೂ ಏಳು ಎಂದು ಬರೆಯುತ್ತಾರೆ. ಹೋದ ಹನಿ ಎರಡು, ಲೆಕ್ಕಕ್ಕೆ ಸಿಕ್ಕಿದ್ದು ಒಂದು. ತಿಳಿದರೂ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಸೋಮವಾರಕ್ಕೆ ಐದೇ ದಿನ ಉಳಿದಿತ್ತು.

"ಸರ್, ಕೆರೆಯಲ್ಲಿ ಹೋಗಿ ಬರಲು ಅಷ್ಟು ಹೊತ್ತು ಹಿಡಿಯುತ್ತದೆ," ಎಂದೆ. "ನನ್ನ ಪಂಪಿನಲ್ಲಿ ಓದಿ ಬರೆಯುವುದು ಕೆಲವೇ ಮೈಕ್ರೋಸೆಕೆಂಡು. ಮೋಟಾರಿನ ಹನಿಯೂ ನರ್ಸ್ ಗುಂಡಿ ಒತ್ತುವುದೂ ಅಷ್ಟರೊಳಗೆ ಒಟ್ಟಿಗೆ ಬರುವುದು ಲಕ್ಷಕ್ಕೊಮ್ಮೆಯೂ ಇಲ್ಲ. ನಾಲ್ಕು ದಿನ ಬಿಡದೆ ಓಡಿಸಿದ್ದೇನೆ. ಒಂದು ಸಲವೂ ತಪ್ಪಿಲ್ಲ. ನೀವು ಸಹಿ ಹಾಕಿ, ಲಾಕನ್ನು ಮುಂದಿನ ಸಲಕ್ಕೆ ಸೇರಿಸುತ್ತೇನೆ."

ಮೇಷ್ಟ್ರು ಮಡಿಸಿಟ್ಟಿದ್ದ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. ಸಹಿಯ ಜಾಗ ಖಾಲಿ ಇತ್ತು.

"ಆ ಮುದುಕಿಯನ್ನು ಏರಿಯ ಮೇಲಕ್ಕೆ ಹೊತ್ತು ತಂದು ತೋರಿಸಲು ಒಬ್ಬ ಸೊಸೆ ಇದ್ದಳು, ನಿನ್ನ ಪಂಪಿನ ಸೂಜಿ ಚುಚ್ಚಿಸಿಕೊಂಡು ಮಲಗುವವರನ್ನು ನಿನ್ನ ಮೇಜಿನ ತನಕ ಹೊತ್ತು ತರುವವರು ಯಾರಮ್ಮ?"

ಹಾಳೆ ತೆಗೆದುಕೊಂಡು ನನ್ನ ಜಾಗಕ್ಕೆ ಹೋಗಿ ಕುಳಿತೆ. ಆ ದಿನದ ಪುಟದಲ್ಲಿ ಅಷ್ಟೇ ಇದೆ.

ಮುಂದಿನ ಪುಟಗಳಲ್ಲಿ ಇರುವುದು ಇಷ್ಟು. ಗುಂಡಿಯ ಜಾಗಕ್ಕೆ ತಾನಾಗಿ ಆಡುವ ಒಂದು ರಿಲೇ ಸ್ವಿಚ್ಚು ಕಟ್ಟಿ ಸೆಕೆಂಡಿಗೆ ಇಪ್ಪತ್ತು ಸಲ ಒತ್ತುವಂತೆ ಮಾಡಿ, ಮೋಟಾರನ್ನೂ ಅದೇ ವೇಗಕ್ಕೆ ಏರಿಸಿ, ಲಾಕ್ ಇಲ್ಲದ ಹಳೆಯ ಪ್ರೋಗ್ರಾಮನ್ನು ಓಡಿಸಿದೆ. ಮೂವತ್ತೊಂದು ಗಂಟೆಯಲ್ಲಿ ಎರಡು ಹನಿಗೆ ಲೆಕ್ಕ ಸಿಗಲಿಲ್ಲ. ಲಾಕ್ ಹಾಕಿ ಹದಿನೈದು ದಿನ ಓಡಿಸಿದೆ. ಎಲ್ಲ ಹನಿಗೂ ಲೆಕ್ಕ ಸಿಕ್ಕಿತು. ಲಾಕಿನಿಂದ ಮೋಟಾರು ಒಂದು ಹನಿಗೆ ಹೆಚ್ಚೆಂದರೆ ನಲವತ್ತು ಮೈಕ್ರೋಸೆಕೆಂಡು ಕಾಯುತ್ತದೆ. ಆಗಸ್ಟ್ 22ರ ಸೋಮವಾರ ಹೋಗಬೇಕಿದ್ದ ಪಂಪು ಸೆಪ್ಟೆಂಬರ್ 14ರ ಬುಧವಾರ ಹೋಯಿತು. ಇಪ್ಪತ್ತಮೂರು ದಿನ ತಡ. ಆ ವರ್ಷದ ಗೌರಿ ಹಬ್ಬಕ್ಕೆ ನಾನು ತವರಿಗೆ ಹೋಗಲಿಲ್ಲ. ಮ್ಯಾನೇಜರು ನನ್ನ ವಾರ್ಷಿಕ ವರದಿಯಲ್ಲಿ "ಗಡುವು ಪಾಲಿಸಲಿಲ್ಲ" ಎಂದು ಬರೆದರು. ನನಗೆ ಬರಬೇಕಿದ್ದ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು.